ಏಳು ಮಾತ್ರೆ, ನಾಲ್ವರು ವೈದ್ಯರು: ಔಷಧಗಳು ಒಂದರ ಮೇಲೊಂದು ಬೀರುವ ಪರಿಣಾಮವನ್ನು ಮನೆಯವರು ಮೊದಲೇ ಗುರುತಿಸುವುದು ಹೇಗೆ?

ಡೊಂಬಿವಲಿ ವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಾವನವರಿಗೆ 72 ವರ್ಷ. ಚಿಕ್ಕಂದಿನಲ್ಲಿ ಬಂದ ಸಂಧಿವಾತ ಜ್ವರದಿಂದ ಅವರ ಹೃದಯದ ಒಂದು ಕವಾಟ ಕಿರಿದಾಗಿದೆ. ಐದು ವರ್ಷಗಳಿಂದ ಬಡಿತದ ಲಯವೂ ತಪ್ಪಿರುವುದರಿಂದ ರಕ್ತ ಹೆಪ್ಪುಗಟ್ಟದಿರಲೆಂದು ಅಸೆನೊಕೌಮರಾಲ್ ಮಾತ್ರೆ ನಡೆಯುತ್ತಿದೆ. ಅದರ ಜೊತೆಗೆ ಮೆಟೊಪ್ರೊಲಾಲ್, ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಒಂದು ಮಾತ್ರೆ, ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಇನ್ನೊಂದು, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್, ಥೈರಾಯ್ಡ್‌ಗೆ ಥೈರಾಕ್ಸಿನ್, ಮೂಳೆಗೆಂದು ಕ್ಯಾಲ್ಸಿಯಂ, ಹೀಗೆ ಒಟ್ಟು ಏಳು ಮಾತ್ರೆಗಳು. ಹೃದಯದ ವೈದ್ಯರು ಮುಲುಂಡಿನಲ್ಲಿದ್ದಾರೆ, ಶುಗರ್ ಮತ್ತು ಥೈರಾಯ್ಡ್ ನೋಡುವವರು ಠಾಣೆಯಲ್ಲಿ, ಮೂಳೆಯ ವೈದ್ಯರು ಡೊಂಬಿವಲಿಯಲ್ಲೇ. ಜ್ವರ, ನೆಗಡಿ, ಹೊಟ್ಟೆನೋವಿಗೆ ನಮ್ಮ ಸೊಸೈಟಿಯ ಎದುರಿನ ಕ್ಲಿನಿಕ್ ಇದೆ. ನಾಲ್ವರೂ ಒಳ್ಳೆಯವರು, ಆದರೆ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡಿದ್ದು ನನಗೆ ನೆನಪಿಲ್ಲ.

ಜುಲೈ ತಿಂಗಳಲ್ಲಿ ಮಾವನವರಿಗೆ ಭೇದಿ ಶುರುವಾಯಿತು. ಎದುರಿನ ಕ್ಲಿನಿಕ್‌ನಲ್ಲಿ ಐದು ದಿನಕ್ಕೆ ಮೆಟ್ರೊನಿಡಜೋಲ್ ಕೊಟ್ಟರು. ಭೇದಿ ನಿಂತಿತು. ಆರನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದಿತು, ತೋಳಿನ ಮೇಲೆ ಏಟು ಬೀಳದೆಯೇ ಅಂಗೈಯಗಲದ ನೀಲಿ ಕಲೆಗಳು ಕಾಣಿಸಿದವು, ಸಂಜೆಯ ಹೊತ್ತಿಗೆ ಮಲ ಡಾಂಬರಿನಂತೆ ಕಪ್ಪಾಗಿ ಹೋಯಿತು. ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಪರೀಕ್ಷಿಸಿದಾಗ, ಜೂನ್‌ನಲ್ಲಿ 2.4 ಇದ್ದ ಐಎನ್‌ಆರ್ 7.1ಕ್ಕೆ ಏರಿತ್ತು. ವಿಟಮಿನ್ ಕೆ ಕೊಟ್ಟು ಎರಡು ರಾತ್ರಿ ಅಲ್ಲೇ ಇರಿಸಿಕೊಂಡರು. ಮನೆಗೆ ಬಂದ ಮೇಲೆ ಚೀಟಿಗಳನ್ನೆಲ್ಲ ಹರಡಿಕೊಂಡು ಕುಳಿತಾಗ, ತಿಂಗಳ ಹಿಂದೆ ಮೂಳೆಯ ವೈದ್ಯರು ಮೊಣಕಾಲು ನೋವಿಗೆ ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆಯನ್ನು 'ನೋವಿದ್ದಾಗ ಮಾತ್ರ' ಎಂದು ಬರೆದುಕೊಟ್ಟಿದ್ದು ಕಣ್ಣಿಗೆ ಬಿತ್ತು. ಅದರಲ್ಲಿ ಎಷ್ಟು ತೆಗೆದುಕೊಂಡಿದ್ದಾರೆಂದು ಮಾವನವರಿಗೂ ಸರಿಯಾಗಿ ನೆನಪಿಲ್ಲ.

ನಾನು ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಕ್ಲಿನಿಕ್‌ನಲ್ಲಿ ಅವರು 'ಬೇರೆ ಏನಾದರೂ ಮಾತ್ರೆ ನಡೆಯುತ್ತಿದೆಯೇ' ಎಂದು ಹಿಂದಿಯಲ್ಲಿ ಕೇಳಿದ್ದರಂತೆ. ಮಾವನವರು 'ಬಿಪಿ, ಶುಗರ್ ಇದೆ' ಎಂದಷ್ಟೇ ಹೇಳಿದರಂತೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಅವರು ಮನಸ್ಸಿನಲ್ಲಿ 'ಹೃದಯದ ಮಾತ್ರೆ' ಎಂದೇ ಇಟ್ಟುಕೊಂಡಿರುವುದರಿಂದ ಹೊಟ್ಟೆಯ ಕಾಯಿಲೆಗೂ ಅದಕ್ಕೂ ಸಂಬಂಧವಿರಬಹುದೆಂದು ಅವರಿಗೆ ತೋಚಲಿಲ್ಲ. ಆ ದಿನ ನಾನು ಕೆಲಸಕ್ಕೆ ಹೋಗಿದ್ದೆ.

ಔಷಧಶಾಸ್ತ್ರ ಓದದ ನನ್ನಂಥವಳು ಇಂಥ ಅಪಾಯವನ್ನು ಮೊದಲೇ ಗುರುತಿಸಲು ಏನು ಮಾಡಬೇಕು? ಎರಡು ಔಷಧಗಳ ಹೆಸರು ಹಾಕಿದರೆ ಎಚ್ಚರಿಕೆ ತೋರಿಸುವ ಆ್ಯಪ್‌ನಲ್ಲಿ ಮಾವನವರ ಮಾತ್ರೆಗಳನ್ನೆಲ್ಲ ಹಾಕಿ ನೋಡಿದೆ. ಅದು ತೋರಿಸಿದ ಕೆಂಪು ಹಳದಿ ಗೆರೆಗಳನ್ನು ನೋಡಿ ಯಾವ ಮಾತ್ರೆಯನ್ನೂ ಕೊಡುವುದೇ ಬೇಡವೇನೋ ಎನ್ನಿಸಿತು. ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳಿಗೆ ಇಂಥ ತೊಂದರೆ ಇಲ್ಲವೆಂದು ನೆರೆಯವರು ಹೇಳುತ್ತಾರೆ, ಅದು ನಿಜವೇ? ತಿಳಿದವರು ದಯವಿಟ್ಟು ಬರೆಯಿರಿ.


ಮಾಟುಂಗಾ ಫಾರ್ಮಸಿಸ್ಟ್

ನಿಮ್ಮ ಮಾವನವರು ಪಾರಾಗಿ ಬಂದದ್ದನ್ನು ಓದಿ ಸಮಾಧಾನವಾಯಿತು. ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಗಳಿಂದ ಔಷಧ ವಿಭಾಗದಲ್ಲಿದ್ದೇನೆ. ಇಲ್ಲಿ ಬರೆಯುವುದು ತಿಳಿವಳಿಕೆಗಾಗಿ ಮಾತ್ರ. ಪ್ರಮಾಣ ಬದಲಿಸುವ ನಿರ್ಧಾರ ಅವರನ್ನು ನೋಡುವ ವೈದ್ಯರದೇ ಆಗಿರಬೇಕು.

ಮೊದಲಿಗೆ ಲೆಕ್ಕವನ್ನು ಸರಿಪಡಿಸಿಕೊಳ್ಳೋಣ. ನೀವು ಏಳು ಮಾತ್ರೆ ಎಂದಿರಿ. ಆದರೆ ಎರಡು ಮಾತ್ರೆಗಳಲ್ಲಿ ಎರಡೆರಡು ಔಷಧಗಳಿರುವುದರಿಂದ ದೇಹದೊಳಗೆ ಹೋಗುತ್ತಿರುವ ಔಷಧಗಳು ಒಂಬತ್ತು. ಒಂಬತ್ತು ಔಷಧಗಳನ್ನು ಎರಡೆರಡಾಗಿ ಜೋಡಿಸಿದರೆ 36 ಜೋಡಿಗಳಾಗುತ್ತವೆ. ಮೂಳೆಯ ವೈದ್ಯರ ಮಾತ್ರೆ ಒಂದೇ ಆದರೂ ಅದರಲ್ಲಿಯೂ ಎರಡು ಔಷಧಗಳಿವೆ. ಅದು ಸೇರಿದ ಕೂಡಲೇ ಜೋಡಿಗಳ ಸಂಖ್ಯೆ 55ಕ್ಕೆ ಏರುತ್ತದೆ. ಈ ಐವತ್ತೈದರಲ್ಲಿ ಬಹುಪಾಲು ನಿರುಪದ್ರವಿಗಳೇ. ಆದರೆ ಉಳಿದವು ಯಾವುವೆಂದು ಹುಡುಕುವ ಕೆಲಸ ನಾಲ್ವರು ವೈದ್ಯರಲ್ಲಿ ಯಾರ ಮೇಜಿಗೂ ಬಂದಿರಲಿಲ್ಲ ಎಂಬುದೇ ನಿಮ್ಮ ಮನೆಯಲ್ಲಿ ನಡೆದದ್ದರ ಮೂಲ. ಪ್ರತಿಯೊಂದು ಚೀಟಿಯೂ ತನ್ನಷ್ಟಕ್ಕೆ ಸರಿಯಾಗಿತ್ತು.

ಜುಲೈಯಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದೊಂದು ಅರ್ಥವಾದರೆ ಉಳಿದವನ್ನು ಊಹಿಸುವುದು ಸುಲಭ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ವಿಟಮಿನ್ ಕೆ ನೆರವಿನಿಂದ ತಯಾರಿಸುತ್ತದೆ. ಅಸೆನೊಕೌಮರಾಲ್ ಮತ್ತು ಅದರ ಸೋದರನಾದ ವಾರ್ಫರಿನ್ ಆ ನೆರವನ್ನು ತಡೆಯುತ್ತವೆ. ಈ ಔಷಧವನ್ನು ದೇಹದಿಂದ ಹೊರಹಾಕಲು ಯಕೃತ್ತಿನಲ್ಲಿರುವ ಕಿಣ್ವಗಳೇ ಬೇಕು, ಅದರಲ್ಲಿ ಮುಖ್ಯವಾದುದು ಸಿವೈಪಿ 2ಸಿ9 ಎಂಬುದು. ಮೆಟ್ರೊನಿಡಜೋಲ್ ಆ ಕಿಣ್ವದ ಕೆಲಸಕ್ಕೆ ಅಡ್ಡಿಯಾಗುತ್ತದೆ. ಹೀಗಾಗಿ ಮಾವನವರು ಎಂದಿನ ಪ್ರಮಾಣವನ್ನೇ ನುಂಗುತ್ತಿದ್ದರೂ ಹೊರಹೋಗಬೇಕಾದ ಔಷಧ ಒಳಗೇ ಉಳಿದು ದಿನದಿನಕ್ಕೆ ಅದರ ಬಲ ಹೆಚ್ಚುತ್ತಾ ಹೋಯಿತು. ಇದರ ಜೊತೆಗೆ ಭೇದಿಯಿರುವಾಗ ಊಟ ಕಡಿಮೆಯಾಗಿ ಆಹಾರದಿಂದ ಬರುವ ವಿಟಮಿನ್ ಕೆ ಕೂಡ ಕುಗ್ಗಿತು. ಕಾಯಿಲೆಯೂ ಅದರ ಮದ್ದೂ ಒಂದೇ ದಿಕ್ಕಿಗೆ ತಳ್ಳಿದವು.

ಐಎನ್‌ಆರ್ ಎಂಬುದು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ. ಅವರಂಥ ರೋಗಿಗಳಲ್ಲಿ ಅದನ್ನು ಸಾಮಾನ್ಯವಾಗಿ 2ರಿಂದ 3ರ ನಡುವೆ ಇಡುತ್ತಾರೆ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಮೆಟ್ರೊನಿಡಜೋಲ್, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲೂಕೊನಜೋಲ್, ಮೂತ್ರದ ಸೋಂಕಿಗೆ ಬಳಕೆಯಲ್ಲಿರುವ ಕೋಟ್ರೈಮಾಕ್ಸಜೋಲ್, ಹೃದಯದ ಲಯಕ್ಕೆ ಕೊಡುವ ಅಮಿಯೋಡರೋನ್ ಇವು ನಾಲ್ಕು ಹೆಸರುಗಳು ಮನೆಯವರ ಬಾಯಲ್ಲಿ ಇರಲೇಬೇಕು. ಇವುಗಳನ್ನು ಎಂದೂ ಕೊಡಬಾರದೆಂದಲ್ಲ. ಕೊಡುವುದು ಅನಿವಾರ್ಯವಾದರೆ ಮೂರರಿಂದ ಐದು ದಿನಗಳೊಳಗೆ ಐಎನ್‌ಆರ್ ನೋಡಿ ಅಸೆನೊಕೌಮರಾಲ್ ಪ್ರಮಾಣವನ್ನು ತಗ್ಗಿಸುತ್ತಾರೆ, ಆ ಔಷಧ ಮುಗಿದ ಮೇಲೆ ಮತ್ತೊಮ್ಮೆ ನೋಡುತ್ತಾರೆ. ನಿಮ್ಮ ಮಾವನವರಿಗೆ ತಪ್ಪಿಹೋದದ್ದು ಈ ನಡುವಿನ ರಕ್ತಪರೀಕ್ಷೆ.

ಇನ್ನು ಮೊಣಕಾಲಿನ ಮಾತ್ರೆ. ನನಗೆ ಇದು ಮೆಟ್ರೊನಿಡಜೋಲ್‌ಗಿಂತ ಹೆಚ್ಚಿನ ಚಿಂತೆಯನ್ನು ಕೊಡುತ್ತದೆ, ಏಕೆಂದರೆ ಭೇದಿಯ ಮಾತ್ರೆ ಐದು ದಿನಕ್ಕೆ ಮುಗಿಯಿತು, ಇದು ಮನೆಯ ಡಬ್ಬಿಯಲ್ಲೇ ಉಳಿದಿರುತ್ತದೆ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವುನಿವಾರಕಗಳು ಜಠರದ ಒಳಪದರವನ್ನು ಕೆರಳಿಸುತ್ತವೆ, ಜೊತೆಗೆ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ತಡೆಯುತ್ತವೆ. ಇವು ಐಎನ್‌ಆರ್ ಅನ್ನು ಹೆಚ್ಚು ಏರಿಸದೆಯೇ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲವು. ಪರೀಕ್ಷೆಯ ಅಂಕಿ ಚೆನ್ನಾಗಿದೆಯೆಂದು ನಾವು ನೆಮ್ಮದಿಯಿಂದಿರುವಾಗಲೇ ಅಪಾಯ ಬಂದಿರುತ್ತದೆ.

ಎರಡನೆಯ ಅಪಾಯ ಮೂತ್ರಪಿಂಡದ್ದು. ಮೂತ್ರಪಿಂಡದ ಪ್ರತಿಯೊಂದು ಸೋಸುಗಕ್ಕೂ ರಕ್ತ ಒಳಬರುವ ಒಂದು ಸಣ್ಣ ನಾಳ, ಹೊರಹೋಗುವ ಒಂದು ಸಣ್ಣ ನಾಳ ಇರುತ್ತವೆ. ಇವೆರಡರ ನಡುವಿನ ಒತ್ತಡದಿಂದಲೇ ಸೋಸುವ ಕೆಲಸ ನಡೆಯುತ್ತದೆ. ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಹಿಗ್ಗಿಸುತ್ತದೆ, ಹೈಡ್ರೋಕ್ಲೋರೋಥಯಾಜೈಡ್ ಮೂತ್ರದ ಮೂಲಕ ದೇಹದ ನೀರನ್ನು ತಗ್ಗಿಸುತ್ತದೆ, ನೋವುನಿವಾರಕ ಒಳಬರುವ ನಾಳವನ್ನು ಬಿಗಿಗೊಳಿಸುತ್ತದೆ. ಮೂರೂ ಸೇರಿದಾಗ ಸೋಸುಗದ ಒತ್ತಡ ಬಿದ್ದುಹೋಗುತ್ತದೆ. ಆರೋಗ್ಯವಂತರು ಒಂದೆರಡು ದಿನ ಇದನ್ನು ತಾಳಿಕೊಂಡಾರು. 72 ವರ್ಷದ, ಭೇದಿಯಿಂದ ನೀರು ಕಳೆದುಕೊಂಡಿರುವ ವ್ಯಕ್ತಿಯ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಸೋಲಬಹುದು. ಆಸ್ಪತ್ರೆಯಲ್ಲಿ, ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿದ್ದರೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಗಮನಿಸಿ. ವಾಂತಿ ಭೇದಿಯ ದಿನಗಳಲ್ಲಿ ಟೆಲ್ಮಿಸಾರ್ಟನ್ ಇರುವ ಮಾತ್ರೆಯನ್ನೂ ಮೆಟ್‌ಫಾರ್ಮಿನ್ ಅನ್ನೂ ಕೊಡಬೇಕೆ, ತಾತ್ಕಾಲಿಕವಾಗಿ ನಿಲ್ಲಿಸಬೇಕೆ ಎಂಬುದನ್ನು ಅವರು ಚೆನ್ನಾಗಿರುವಾಗಲೇ ವೈದ್ಯರಿಂದ ಬರೆಸಿಕೊಳ್ಳಿ. ಭೇದಿ ಶುರುವಾದ ರಾತ್ರಿ ಫೋನ್ ಮಾಡಿ ಕೇಳುವುದು ಕಷ್ಟ.

ನೋವಿಗೆ ಪ್ಯಾರಸಿಟಮಾಲ್ ಒಂದನ್ನೇ ಕೊಡುವುದು ಇವರಿಗೆ ಹೆಚ್ಚು ಸುರಕ್ಷಿತ. ಅದನ್ನೂ ದಿನಕ್ಕೆ 2 ಗ್ರಾಂನಂತೆ ಹಲವು ದಿನ ಬಿಡದೆ ತೆಗೆದುಕೊಂಡರೆ ಐಎನ್‌ಆರ್ ಏರಬಹುದಾದ್ದರಿಂದ ಲೆಕ್ಕವಿಡಬೇಕು. ಜ್ವರದ ಮಾತ್ರೆ, ನೆಗಡಿಯ ಮಾತ್ರೆ, ಮೈಕೈನೋವಿನ ಮಾತ್ರೆ ಹೀಗೆ ಮೂರು ಹೆಸರುಗಳಲ್ಲಿ ಅದೇ ಪ್ಯಾರಸಿಟಮಾಲ್ ಒಳಸೇರುವುದು ಬಹಳ ಸಾಮಾನ್ಯ. ಡೋಲೊ, ಕ್ರೋಸಿನ್ ಎರಡೂ ಪ್ಯಾರಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಅದರ ಜೊತೆ ಐಬುಪ್ರೊಫೆನ್ ಕೂಡ ಇದೆ. ಆದ್ದರಿಂದ ಸ್ಟ್ರಿಪ್‌ನ ಮೇಲಿನ ದೊಡ್ಡ ಅಕ್ಷರದ ಹೆಸರನ್ನು ಓದಿ ನಿಲ್ಲಿಸದೆ, ಅದರ ಕೆಳಗಿನ ಸಣ್ಣ ಅಕ್ಷರದ ಹೆಸರುಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಆ್ಯಪ್‌ನ ಕೆಂಪು ಗೆರೆಗಳ ಬಗ್ಗೆ: ಅದು ಸುಳ್ಳು ಹೇಳುತ್ತಿಲ್ಲ, ಆದರೆ ಅದಕ್ಕೆ ನಿಮ್ಮ ಮಾವನವರು ಗೊತ್ತಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ವೈದ್ಯರು ತಿಳಿದೇ ಒಟ್ಟಿಗೆ ಕೊಡುತ್ತಾರೆ; ಆ ಜೋಡಿಗೂ ಆ್ಯಪ್ ರಕ್ತಸ್ರಾವದ ಎಚ್ಚರಿಕೆ ತೋರಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಮೆಟೊಪ್ರೊಲಾಲ್ ಮತ್ತು ಗ್ಲಿಮೆಪಿರೈಡ್ ನಡುವೆ ಗೆರೆ ಕಂಡಿರಬೇಕು. ಸಕ್ಕರೆ ತೀರಾ ಇಳಿದಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಮುಂತಾದ ಸೂಚನೆಗಳನ್ನು ಮೆಟೊಪ್ರೊಲಾಲ್ ಮರೆಮಾಡಬಹುದು, ಬೆವರುವುದನ್ನು ಮಾತ್ರ ಅದು ಮರೆಮಾಡುವುದಿಲ್ಲ ಎಂಬುದು ಅದರ ಅರ್ಥ. ಇದಕ್ಕೆ ಪರಿಹಾರ ಮಾತ್ರೆ ಬಿಡುವುದರಲ್ಲಿಲ್ಲ; ಅವರು ಕಾರಣವಿಲ್ಲದೆ ಬೆವರಿದರೆ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡುವುದರಲ್ಲಿದೆ. ಮೆಟೊಪ್ರೊಲಾಲ್ ಅನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು, ಬಡಿತದ ಏರುಪೇರು ಮರುಕಳಿಸಬಹುದು. ಎಚ್ಚರಿಕೆಯ ಗೆರೆಯನ್ನು ಕಂಡು ಮನೆಯಲ್ಲೇ ಮಾತ್ರೆ ನಿಲ್ಲಿಸಿದ್ದರಿಂದ ಆದ ಅನಾಹುತಗಳನ್ನೂ ನಾನು ಕಂಡಿದ್ದೇನೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ಜೋಡಿಯದು ಸರಳ ಪರಿಹಾರ. ಕ್ಯಾಲ್ಸಿಯಂ ಕರುಳಿನಲ್ಲಿ ಥೈರಾಕ್ಸಿನ್ ಅನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆಯ ಅಂತರವಿದ್ದರೆ ಸಾಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಥೈರಾಕ್ಸಿನ್, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ, ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆಗೆ.

ಅಟೋರ್ವಾಸ್ಟಾಟಿನ್ ಇರುವವರಿಗೆ ಗಂಟಲು ಅಥವಾ ಎದೆಯ ಸೋಂಕಿಗೆ ಕ್ಲಾರಿಥ್ರೋಮೈಸಿನ್ ಬರೆದರೆ ಒಮ್ಮೆ ಕೇಳಿ. ಅದು ಸಿವೈಪಿ 3ಎ4 ಎಂಬ ಇನ್ನೊಂದು ಕಿಣ್ವವನ್ನು ತಡೆದು ಅಟೋರ್ವಾಸ್ಟಾಟಿನ್ ಮಟ್ಟವನ್ನು ಏರಿಸುತ್ತದೆ. ಸ್ನಾಯುಗಳು ನೋಯುತ್ತವೆ, ವಿರಳವಾಗಿ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಇದನ್ನು ಪುಸ್ತಕದ ಭಯವೆಂದು ತಳ್ಳಿಹಾಕಬೇಡಿ. ಅದೇ ಗುಂಪಿನ ಸೆರಿವಾಸ್ಟಾಟಿನ್ ಎಂಬ ಔಷಧವನ್ನು 2001ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದದ್ದು ಇಂಥ ಸ್ನಾಯುಹಾನಿಯ ಸಾವುಗಳಿಂದಾಗಿ. ಜೆಮ್‌ಫೈಬ್ರೊಜಿಲ್ ಎಂಬ, ರಕ್ತದ ಕೊಬ್ಬು ಇಳಿಸುವ ಇನ್ನೊಂದು ಔಷಧದ ಜೊತೆಗೆ ಅದನ್ನು ಕೊಟ್ಟಾಗ ಅಪಾಯ ಬಹಳ ಹೆಚ್ಚಾಗಿತ್ತು.

ಹೊಸ ಮಾತ್ರೆಗಳ ಪ್ರಶ್ನೆಗೆ ಉತ್ತರ ನಿಮ್ಮ ನೆರೆಯವರು ಹೇಳಿದಷ್ಟು ಸುಲಭವಲ್ಲ. ಅಪಿಕ್ಸಾಬಾನ್, ರಿವರೊಕ್ಸಾಬಾನ್, ಡಾಬಿಗಾಟ್ರಾನ್ ಇವುಗಳಿಗೆ ವಿಟಮಿನ್ ಕೆ ಇರುವ ಸೊಪ್ಪುಗಳ ಚಿಂತೆಯಿಲ್ಲ, ಪದೇಪದೇ ಐಎನ್‌ಆರ್ ನೋಡಬೇಕಿಲ್ಲ. ಹಾಗಿದ್ದರೂ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಕೆಲವು ಔಷಧಗಳು, ಶಿಲೀಂಧ್ರದ ಕೆಲವು ಔಷಧಗಳು ಈ ಹೊಸ ಮಾತ್ರೆಗಳ ಬಲವನ್ನೂ ಏರುಪೇರು ಮಾಡುತ್ತವೆ. ನೋವುನಿವಾರಕಗಳ ಅಪಾಯವಂತೂ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂಧಿವಾತ ಜ್ವರದಿಂದ ಕವಾಟ ಕಿರಿದಾದವರಿಗೆ ಹಳೆಯ ಮಾತ್ರೆಯೇ ಮೇಲು. 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಎಂಬ ದೊಡ್ಡ ಅಧ್ಯಯನದಲ್ಲಿ ಇಂಥ ರೋಗಿಗಳಿಗೆ ರಿವರೊಕ್ಸಾಬಾನ್‌ಗಿಂತ ವಾರ್ಫರಿನ್ ವರ್ಗದ ಔಷಧಗಳಿಂದಲೇ ಹೆಚ್ಚು ಒಳ್ಳೆಯದಾಯಿತು. ನಿಮ್ಮ ಹೃದಯದ ವೈದ್ಯರು ಹಳೆಯ ಮಾತ್ರೆಯಲ್ಲೇ ಉಳಿದಿರುವುದಕ್ಕೆ ಕಾರಣವಿದೆ.


ಪುಣೆ ಕನ್ನಡತಿ

ಮೇಲಿನವರು ಬರೆದದ್ದಕ್ಕೆ ನಮ್ಮ ಮನೆಯ ಅನುಭವವನ್ನು ಸೇರಿಸಬೇಕೆನಿಸಿತು, ಏಕೆಂದರೆ ನಮ್ಮದು ಅದರ ತಿರುಗುಮುರುಗು. ನನ್ನ ತಾಯಿಗೆ ಲೋಹದ ಕವಾಟ ಹಾಕಿ ಹದಿನಾಲ್ಕು ವರ್ಷಗಳಾಗಿವೆ. ಅವರಿಗೆ ಐಎನ್‌ಆರ್ 2.5ರಿಂದ 3.5ರವರೆಗೆ ಇರಬೇಕೆಂದು ಹೇಳಿದ್ದಾರೆ. ಮೂರು ವರ್ಷಗಳ ಹಿಂದೆ ಅವರಿಗೆ ಕ್ಷಯ ಎಂದು ತಿಳಿದು ಆರು ತಿಂಗಳ ಚಿಕಿತ್ಸೆ ಶುರುವಾಯಿತು. ಅದರಲ್ಲಿ ರಿಫಾಂಪಿಸಿನ್ ಇರುತ್ತದೆ. ಅದು ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆಂದು ಎಲ್ಲರೂ ಹೇಳಿದ್ದರು. ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತದೆಂದು ಹೇಳಿದವರು ಹೃದಯದ ವಿಭಾಗದ ಒಬ್ಬ ಕಿರಿಯ ವೈದ್ಯೆ ಮಾತ್ರ.

ಅವರು ವಿವರಿಸಿದ್ದು ಹೀಗೆ: ಕಿಣ್ವವನ್ನು ತಡೆಯುವ ಔಷಧದ ಪ್ರಭಾವ ಎರಡು ಮೂರು ದಿನಗಳಲ್ಲೇ ತೋರುತ್ತದೆ, ಆದರೆ ಕಿಣ್ವವನ್ನು ಹೆಚ್ಚಿಸುವ ಔಷಧಕ್ಕೆ ಸಮಯ ಬೇಕು, ದೇಹ ಹೊಸ ಕಿಣ್ವವನ್ನು ತಯಾರಿಸಬೇಕಾದ್ದರಿಂದ ಒಂದೆರಡು ವಾರಗಳಾಗುತ್ತವೆ. ಮೊದಲ ವಾರದ ಪರೀಕ್ಷೆ ಸರಿಯಾಗಿದೆಯೆಂದು ಸುಮ್ಮನಾಗಬೇಡಿ ಎಂದು ಅವರು ಎರಡೆರಡು ಸಲ ಹೇಳಿದರು. ಹಾಗೆಯೇ ಆಯಿತು. ಮೊದಲ ವಾರ 2.9 ಇದ್ದ ಐಎನ್‌ಆರ್ ಮೂರನೆಯ ವಾರ 1.4ಕ್ಕೆ ಇಳಿಯಿತು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಆಗಬಹುದೆಂಬ ಭಯದಲ್ಲಿ ಆ ದಿನಗಳನ್ನು ಕಳೆದೆವು. ವಾರ ವಾರವೂ ಪರೀಕ್ಷೆ ಮಾಡಿ ರಕ್ತ ತೆಳುವಾಗಿಸುವ ಮಾತ್ರೆಯ ಪ್ರಮಾಣ ಏರಿಸುತ್ತಾ ಹೋಗಿ ಕೊನೆಗೆ ಮೊದಲಿದ್ದ ಪ್ರಮಾಣದ ಎರಡರಷ್ಟನ್ನೂ ದಾಟಿತು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದರ ಮುಂದಿನ ಭಾಗ. ಆರು ತಿಂಗಳು ಮುಗಿದು ಕ್ಷಯದ ಔಷಧ ನಿಂತ ದಿನ ಮನೆಯಲ್ಲಿ ಪಾಯಸ ಮಾಡಿದೆವು. ಗಂಡಾಂತರ ಕಳೆಯಿತೆಂದೇ ಭಾವಿಸಿದ್ದೆವು. ಆದರೆ ರಿಫಾಂಪಿಸಿನ್ ನಿಂತ ಮೇಲೆ ಹೆಚ್ಚಿದ್ದ ಕಿಣ್ವ ಮತ್ತೆ ಇಳಿಯುತ್ತದೆ, ಆಗ ಎರಡರಷ್ಟಕ್ಕೂ ಮಿಕ್ಕ ಆ ಪ್ರಮಾಣ ವಿಪರೀತವಾಗುತ್ತದೆ. ಆ ವೈದ್ಯೆ ಮೊದಲೇ ನಮ್ಮ ಫೈಲಿನ ಮೇಲೆ ಔಷಧ ಮುಗಿಯುವ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದು, ಅಲ್ಲಿಂದ ಮುಂದಿನ ನಾಲ್ಕು ವಾರವೂ ಐಎನ್‌ಆರ್ ನೋಡಿಸಬೇಕೆಂದು ಹೇಳಿದ್ದರು. ಎರಡನೆಯ ವಾರದಲ್ಲೇ 4.6ಕ್ಕೆ ಏರಿತು, ಕೂಡಲೇ ಪ್ರಮಾಣ ಇಳಿಸಿದರು. ಹೊಸ ಔಷಧ ಶುರುವಾದಾಗ ಕೇಳಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ. ಹಳೆಯ ಔಷಧವೊಂದು ನಿಂತಾಗಲೂ ಕೇಳಬೇಕೆಂಬುದು ನಮಗಂತೂ ಹೊಳೆದಿರಲಿಲ್ಲ.

ಅಕ್ಕಾ, ನಿಮ್ಮ ಬರಹದಲ್ಲಿ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ಜುಲೈ ಎಂದಿದ್ದೀರಿ. ನಿಮ್ಮ ಮನೆಯಲ್ಲಿ ಚಾತುರ್ಮಾಸ್ಯದ ವ್ರತ ಹಿಡಿಯುವ ಪದ್ಧತಿ ಇದೆಯೇ? ನಮ್ಮ ತಾಯಿ ಶಾಕವ್ರತ ಹಿಡಿಯುತ್ತಿದ್ದವರು. ಆ ತಿಂಗಳು ಸೊಪ್ಪು, ತರಕಾರಿ ಪೂರ್ತಿ ನಿಲ್ಲುತ್ತಿದ್ದವು, ಮತ್ತು ಪ್ರತಿ ವರ್ಷ ಅದೇ ತಿಂಗಳಲ್ಲಿ ಅವರ ಐಎನ್‌ಆರ್ ಏರುತ್ತಿತ್ತು. ಇದನ್ನು ಗುರುತಿಸಲು ನಮಗೆ ನಾಲ್ಕು ವರ್ಷ ಬೇಕಾಯಿತು.


ವಾಸ್ಕೋ ದಾದಿ

ನಾನು ಗೋವಾದ ವಾಸ್ಕೋದಲ್ಲಿ ಒಂದು ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತೇನೆ. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆಸಿರುವ ಹಿರಿಯರು ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಾರೆ. ತೆಗೆದುಕೊಳ್ಳುವ ಔಷಧಗಳನ್ನೆಲ್ಲ ಪಟ್ಟಿ ಮಾಡಬೇಕೆಂದು ಹೇಳುವುದು ಸುಲಭ. ನಮ್ಮ ಮುಂದೆ ಬರುವುದು ಮಾತ್ರ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್‌ನ ತುಂಡುಗಳು. ಐದು ಮಾತ್ರೆ ಸಾಕೆಂದು ಕೇಳಿದಾಗ ಮೆಡಿಕಲ್ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಆ ತುಂಡಿನ ಮೇಲೆ ಔಷಧದ ಹೆಸರಿನ ಮೂರು ಅಕ್ಷರವೂ ಉಳಿದಿರುವುದಿಲ್ಲ. 'ಬಿಳೇ ಗುಳಿಗಿ ಹೊತ್ತೇರಿದ ಮ್ಯಾಲ, ಕೆಂಪು ಗುಳಿಗಿ ಮಲಗೂ ಮುಂದ' ಎಂದು ಹೇಳುವ ಅಜ್ಜಿಯ ಡಬ್ಬಿಯಲ್ಲಿ ನಾಲ್ಕು ಬಗೆಯ ಬಿಳಿ ಮಾತ್ರೆಗಳಿದ್ದದ್ದನ್ನು ನಾನು ಕಂಡಿದ್ದೇನೆ.

ಆದ್ದರಿಂದ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಕಡಿಮೆ ಬೇಕಿದ್ದರೂ ಹೆಸರು ಇರುವ ತುಂಡನ್ನೇ ಕೇಳಿ ಪಡೆಯಿರಿ, ಇಲ್ಲವಾದರೆ ಪೂರ್ತಿ ಸ್ಟ್ರಿಪ್‌ನ ಫೋಟೊ ತೆಗೆದು ಇಟ್ಟುಕೊಳ್ಳಿ. ಚೀಟಿಯ ಬದಲು ಡಬ್ಬಿಯನ್ನೇ ವೈದ್ಯರ ಬಳಿಗೆ ತನ್ನಿ, ಏಕೆಂದರೆ ಚೀಟಿಯಲ್ಲಿ ಇರುವುದಕ್ಕೂ ಡಬ್ಬಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಇನ್ನೊಂದು ವಿಷಯ. ಜನರು ಔಷಧವೆಂದು ಎಣಿಸದ ವಸ್ತುಗಳಿವೆ. ಕೆಮ್ಮಿಗೆ ದಿನವೂ ಕುಡಿಯುವ ಅತಿಮಧುರದ ಕಷಾಯ, ಇಲ್ಲಿಯವರು ಜ್ಯೇಷ್ಠಮಧ ಎನ್ನುವುದು, ವಾರಗಟ್ಟಲೆ ನಡೆದರೆ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಜೊತೆಗಿದ್ದರೆ ಪೊಟ್ಯಾಸಿಯಂ ಇನ್ನಷ್ಟು ಇಳಿಯುತ್ತದೆ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದು ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಮದ್ಯಪಾನವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಎದೆನೋವಿಗೆ ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ಇರುವ ಗಂಡಸರು ಸಿಲ್ಡೆನಾಫಿಲ್ ತೆಗೆದುಕೊಂಡದ್ದನ್ನು ಹೆಂಡತಿ ಮಕ್ಕಳ ಮುಂದೆ ಖಂಡಿತ ಹೇಳುವುದಿಲ್ಲ. ಆ ಎರಡು ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಅದಕ್ಕಾಗಿ ಪಟ್ಟಿ ಬರೆಯುವಾಗ ರೋಗಿಯೊಂದಿಗೆ ಸ್ವಲ್ಪ ಹೊತ್ತು ಏಕಾಂತದಲ್ಲಿ, ಅವರ ಭಾಷೆಯಲ್ಲೇ ಮಾತಾಡುವುದು ಒಳ್ಳೆಯದು.


ಡೊಂಬಿವಲಿ ವಾಸಿ

ಮೂವರಿಗೂ ಕೈಮುಗಿಯುತ್ತೇನೆ. ಪುಣೆಯ ತಂಗಿ ಕೇಳಿದ್ದು ನಿಜ. ಮಾವನವರು ಆಷಾಢ ಏಕಾದಶಿಯಿಂದಲೇ ಶಾಕವ್ರತ ಹಿಡಿದಿದ್ದರು. ಭೇದಿ ಶುರುವಾಗುವ ಮೊದಲೇ ವಾರದಿಂದ ಮನೆಯಲ್ಲಿ ಮೆಂತೆ, ಪಾಲಕ್, ಹರಿವೆ ಯಾವುದೂ ಇರಲಿಲ್ಲ. ಇದನ್ನು ಯಾವ ವೈದ್ಯರಿಗೂ ಹೇಳಬೇಕೆಂದು ನಮಗೆ ತಿಳಿದಿರಲಿಲ್ಲ.

ಕಳೆದ ಭಾನುವಾರ ವಾಸ್ಕೋದವರು ಹೇಳಿದಂತೆ ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸುರಿದೆ. ಒಂಬತ್ತು ಔಷಧಗಳೆಂದು ಲೆಕ್ಕ ಹಾಕಿದ್ದು ತಪ್ಪಾಯಿತು. ಅಸಿಡಿಟಿಗೆಂದು ಇಬ್ಬರು ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಕೊಟ್ಟ ಎರಡು ಮಾತ್ರೆಗಳಲ್ಲಿಯೂ ಪ್ಯಾಂಟೊಪ್ರಜೋಲ್ ಇತ್ತು, ಮಾವನವರು ಎರಡನ್ನೂ ನುಂಗುತ್ತಿದ್ದರು. ಕ್ಯಾಲ್ಸಿಯಂ ಅನ್ನು ಥೈರಾಕ್ಸಿನ್ ಜೊತೆಗೇ ಬೆಳಿಗ್ಗೆ ಆರು ಗಂಟೆಗೆ ಕೊಡುತ್ತಿದ್ದವಳು ನಾನೇ. ಒಟ್ಟಿಗೆ ಮುಗಿದರೆ ಮರೆಯುವುದಿಲ್ಲ ಎಂದುಕೊಂಡಿದ್ದೆ. ಮೊಣಕಾಲಿನ ಮಾತ್ರೆಯ ಹತ್ತರ ಸ್ಟ್ರಿಪ್‌ನಲ್ಲಿ ಎರಡು ಉಳಿದಿದ್ದವು. ಡಿಸ್ಚಾರ್ಜ್ ಚೀಟಿಯಲ್ಲಿ ಕ್ರಿಯಾಟಿನಿನ್ 1.7 ಎಂದಿದೆ, ಮಾರ್ಚ್‌ನಲ್ಲಿ 1.1 ಇತ್ತು.

ಪಟ್ಟಿಯನ್ನು ಒಂದು ಹಾಳೆಯಲ್ಲಿ ಎರಡು ಭಾಷೆಯಲ್ಲಿ ಬರೆದಿದ್ದೇನೆ. ವೈದ್ಯರಿಗಾಗಿ ಔಷಧದ ಮೂಲ ಹೆಸರು, ಪ್ರಮಾಣ, ಯಾರು ಬರೆದರು, ಯಾವಾಗಿನಿಂದ ಎಂಬುದು ಇಂಗ್ಲಿಷಿನಲ್ಲಿ. ಮಾವನವರಿಗಾಗಿ ಯಾವುದು ಏತಕ್ಕೆ, ಯಾವ ಹೊತ್ತಿಗೆ ಎಂಬುದು ಕನ್ನಡದಲ್ಲಿ. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ 'ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ' ಎಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದೆ. ಒಂದು ಪ್ರತಿ ಅವರ ಜೇಬಿನಲ್ಲಿದೆ.

ಉಳಿದಿರುವುದು ಎರಡು ಪ್ರಶ್ನೆ. ವ್ರತವನ್ನು ಬಿಡಿ ಎಂದು ಅವರಿಗೆ ಹೇಳುವ ಧೈರ್ಯ ನನಗಿಲ್ಲ, ಐವತ್ತು ವರ್ಷಗಳಿಂದ ನಡೆಸಿಕೊಂಡು ಬಂದದ್ದು. ಏನು ಮಾಡಲಿ? ಎರಡನೆಯದಾಗಿ, ಮಳೆಯಲ್ಲಿ ನಮ್ಮ ರಸ್ತೆಯಲ್ಲಿ ಮೊಣಕಾಲವರೆಗೆ ನೀರು ನಿಲ್ಲುತ್ತದೆ. ಆ ನೀರಿನಲ್ಲಿ ನಡೆದವರು ಇಲಿಜ್ವರ ಬರದಿರಲೆಂದು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬೇಕೆಂದು ಪ್ರತಿ ವರ್ಷ ಹೇಳುತ್ತಾರೆ. ಮಾವನವರಿಗೆ ಅದನ್ನು ಕೊಡಬಹುದೇ?


ಮಾಟುಂಗಾ ಫಾರ್ಮಸಿಸ್ಟ್

ಕ್ರಿಯಾಟಿನಿನ್ 1.7 ಎಂಬುದು ನನಗೆ ಎಲ್ಲಕ್ಕಿಂತ ಮೊದಲು ಕಂಡಿತು. ದಯವಿಟ್ಟು ಈ ವಾರವೇ ಅದನ್ನೂ ಪೊಟ್ಯಾಸಿಯಂ ಅನ್ನೂ ಮತ್ತೊಮ್ಮೆ ಪರೀಕ್ಷಿಸಿ ಹೃದಯದ ವೈದ್ಯರಿಗೂ ಶುಗರ್ ವೈದ್ಯರಿಗೂ ತೋರಿಸಿ. ಮೂತ್ರಪಿಂಡ ನಿಧಾನವಾದಾಗ ಮೆಟ್‌ಫಾರ್ಮಿನ್ ದೇಹದಲ್ಲಿ ಸೇರಿಕೊಳ್ಳುತ್ತದೆ, ಗ್ಲಿಮೆಪಿರೈಡ್‌ನಿಂದ ಸಕ್ಕರೆ ಇಳಿಯುವ ಅಪಾಯವೂ ಹೆಚ್ಚುತ್ತದೆ. ಉಳಿದಿರುವ ಎರಡು ಮೊಣಕಾಲಿನ ಮಾತ್ರೆಗಳು ಡಬ್ಬಿಯಲ್ಲಿ ಇರುವುದು ಬೇಡ. ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ಅನ್ನು ಈಗ ದೂರ ಮಾಡಿದಿರಾದರೆ ಥೈರಾಕ್ಸಿನ್ ಮೊದಲಿಗಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ. ಆರರಿಂದ ಎಂಟು ವಾರಗಳ ನಂತರ ಥೈರಾಯ್ಡ್‌ನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಬೇಕು. ಥೈರಾಯ್ಡ್ ಮಟ್ಟ ಏರಿದರೆ ಅಸೆನೊಕೌಮರಾಲ್‌ನ ಬಲವೂ ಏರುತ್ತದೆ. ಪುಣೆಯವರು ಹೇಳಿದ ಮಾತಿನ ಇನ್ನೊಂದು ರೂಪ ಇದು: ತಪ್ಪನ್ನು ಸರಿಪಡಿಸುವುದೂ ಒಂದು ಬದಲಾವಣೆಯೇ, ಅದಕ್ಕೂ ಪರೀಕ್ಷೆ ಬೇಕು.

ವ್ರತವನ್ನು ಬಿಡಿಸಬೇಕಾಗಿಲ್ಲ. ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಸೊಪ್ಪು ತಿನ್ನಬಾರದೆಂದು ಎಲ್ಲಿಯೂ ಇಲ್ಲ. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು ಎಂಬುದು ನಿಯಮ. ಒಂದು ತಿಂಗಳು ಪೂರ್ತಿ ನಿಂತರೆ ಅದು ಮೊದಲೇ ಗೊತ್ತಿರುವ ಬದಲಾವಣೆ, ಪಂಚಾಂಗದಲ್ಲೇ ದಿನಾಂಕ ಇರುತ್ತದೆ. ವ್ರತ ಶುರುವಾಗುವ ವಾರಕ್ಕೆ ಮೊದಲು ವೈದ್ಯರಿಗೆ ತಿಳಿಸಿ, ಶುರುವಾದ ಮೇಲೆ ವಾರಕ್ಕೊಮ್ಮೆ ಐಎನ್‌ಆರ್ ನೋಡಿಸಿ, ಮುಗಿದು ಮತ್ತೆ ಸೊಪ್ಪು ತಿನ್ನತೊಡಗಿದಾಗ ಐಎನ್‌ಆರ್ ಇಳಿಯಬಹುದಾದ್ದರಿಂದ ಆಗಲೂ ನೋಡಿಸಿ. ವ್ರತಕ್ಕಿಂತ ನನಗೆ ಏಕಾದಶಿಯ ನಿರಾಹಾರದ ಚಿಂತೆ ಹೆಚ್ಚು. ಗ್ಲಿಮೆಪಿರೈಡ್ ನುಂಗಿ ಉಪವಾಸವಿದ್ದರೆ ಸಕ್ಕರೆ ಕುಸಿಯುತ್ತದೆ, ಅದರ ಸೂಚನೆಗಳನ್ನು ಮೆಟೊಪ್ರೊಲಾಲ್ ಮರೆಮಾಡುತ್ತದೆಂದು ಮೇಲೆ ಬರೆದಿದ್ದೇನೆ. ಏಕಾದಶಿಯ ದಿನ ಆ ಮಾತ್ರೆಯನ್ನು ಏನು ಮಾಡಬೇಕೆಂದು ಠಾಣೆಯ ವೈದ್ಯರಿಂದ ಸ್ಪಷ್ಟವಾಗಿ ಬರೆಸಿಕೊಳ್ಳಿ. ವಯಸ್ಸಾದವರು, ಕಾಯಿಲೆಯವರು ಫಲಾಹಾರ ಮಾಡುವ ರೂಢಿ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಅದನ್ನು ಅವರು ಗೌರವಿಸುವ ಹಿರಿಯರೊಬ್ಬರಿಂದ ಹೇಳಿಸಿದರೆ ಒಪ್ಪಿಕೊಂಡಾರು.

ಇಲಿಜ್ವರದ ಮಾತು ಮುಂಬಯಿ ಕಡೆಯವರಿಗೆ ನಿಜವಾಗಿ ಮುಖ್ಯವಾದದ್ದು. 2005ರ ಜುಲೈ 26ರ ಪ್ರವಾಹದ ನಂತರ ಈ ಜ್ವರ ಎಷ್ಟು ಜನರನ್ನು ಕಾಡಿತೆಂಬುದನ್ನು ನಮ್ಮ ಆಸ್ಪತ್ರೆಗಳು ಮರೆತಿಲ್ಲ. ಡಾಕ್ಸಿಸೈಕ್ಲಿನ್ ಕೂಡ ಅಸೆನೊಕೌಮರಾಲ್‌ನ ಬಲವನ್ನು ಹೆಚ್ಚಿಸಬಲ್ಲದು. ತಡೆಗಾಗಿ ಕೊಡುವ ಒಂದೇ ಸಲದ ಪ್ರಮಾಣದಿಂದ ಆಗುವ ಏರಿಕೆ ವಾರಗಟ್ಟಲೆ ಕೊಟ್ಟಾಗಿನಷ್ಟು ಇರಲಾರದು. ಆದರೆ ಮೆಡಿಕಲ್ ಅಂಗಡಿಯಿಂದ ನೀವಾಗಿ ತಂದು ಕೊಡಬೇಡಿ. ವೈದ್ಯರನ್ನು ಕೇಳಿ, ಕೊಟ್ಟರೆ ಕೆಲವು ದಿನಗಳಲ್ಲಿ ಐಎನ್‌ಆರ್ ನೋಡಿಸಿ. ಹಾಲು, ಕ್ಯಾಲ್ಸಿಯಂ, ಅಸಿಡಿಟಿಯ ದ್ರವೌಷಧ ಇವುಗಳ ಜೊತೆಗೆ ಅದನ್ನು ಕೊಟ್ಟರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಜ್ವರವೇ ಬಂದುಬಿಟ್ಟರೆ ಅದು ಡೆಂಗೆಯೂ ಆಗಿರಬಹುದು, ಆಗ ಆಸ್ಪಿರಿನ್, ಐಬುಪ್ರೊಫೆನ್ ಯಾವುದನ್ನೂ ಮುಟ್ಟದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.

ಜುಲೈಯಲ್ಲಿ ಆದದ್ದನ್ನು ವರದಿ ಮಾಡುವುದಕ್ಕೂ ಅವಕಾಶವಿದೆ. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸಲು ಕೇಂದ್ರ ಸರ್ಕಾರ 2010ರಲ್ಲಿ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವನ್ನು ಆರಂಭಿಸಿತು. ಈಗ ಅದನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ನಡೆಸುತ್ತದೆ. 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯ ಮನೆಯವರೂ ಕರೆ ಮಾಡಬಹುದು, ಬಳಕೆದಾರರ ಅರ್ಜಿ ಕನ್ನಡದಲ್ಲೂ ಇದೆ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿಯೂ ಇದರ ಕೇಂದ್ರವಿದೆ. ಅಲ್ಲಿ ಯಾರ ತಪ್ಪನ್ನೂ ವಿಚಾರಿಸುವುದಿಲ್ಲ, ಯಾವ ಔಷಧಗಳು ಸೇರಿ ಏನಾಯಿತೆಂದು ದಾಖಲಿಸುತ್ತಾರೆ.

ಹಾಳೆಯಲ್ಲಿ ಇನ್ನೂ ಒಂದು ಸಾಲಿಗೆ ಜಾಗವಿದ್ದರೆ, ಕೊನೆಯ ಐಎನ್‌ಆರ್ ಮತ್ತು ಕ್ರಿಯಾಟಿನಿನ್ ಎಷ್ಟು, ಯಾವ ದಿನಾಂಕದ್ದು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಿ, ಪ್ರತಿ ಪರೀಕ್ಷೆಯ ನಂತರ ಅಳಿಸಿ ಹೊಸದನ್ನು ಬರೆಯಿರಿ. ಎದುರಿನ ಕ್ಲಿನಿಕ್‌ನ ವೈದ್ಯರಿಗೆ ಆ ಹಾಳೆಯನ್ನು ಮಾವನವರಿಗೆ ಯಾವ ಕಾಯಿಲೆಯೂ ಇಲ್ಲದ ಒಂದು ಸಂಜೆ ಹೋಗಿ ಕೊಟ್ಟುಬನ್ನಿ.